ಹಿಂದಿನ ಜೇಬು

ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರಲಿಲ್ಲ.
ಹೊನ್ನೂರ್‌ವಲಿ ಅದನ್ನು ಬಿಸಿ ರೊಟ್ಟಿ ಬುಟ್ಟಿಯ ಹಾಗೆ
ಎರಡೂ ಕೈಯಲ್ಲಿ ಹಿಡಿದು ತಂದ,
ಕೌಲ್ ಬಜಾರಿನ ನನ್ನ ಎಂಟಡಿ ಅಂಗಡಿಗೆ.
ಉಗುರೆಲ್ಲ ನೀಲಿ. ಜೀನ್ಸ್ ಹೊಲಿಯುವವರ ಬೆರಳಿಂದ
ಹಬ್ಬದ ದಿನವೂ ಆ ನೀಲಿ ಬಿಡುವುದಿಲ್ಲ.

"ಗಾದಿಲಿಂಗಣ್ಣಾ, ಇದಕ್ಕೆ ಹಳೇದು ಹಾಕ್ಬೇಕು."
"ಹಳೇದು ಅಂದ್ರೆ?"
"ಏಳು. ಸತ್ತೋದ ಡಬ್ಬದಾಗ ಇತ್ತಲ್ಲ, ಅದೇ."

ಐವತ್ತೆರಡು ಸಾವಿರ, ಕಂತಿನ ಮೇಲೆ ತಂದಿದ್ದು.
ಒಳಗೆ ಹನ್ನೊಂದನೇ ವಿಂಡೋಸ್ ಪಳಪಳ.
ಹೊಸ ಮನೆ ಕಟ್ಟಿಸಿ ಹಳೇ ಒಲೆ ಹೂಡ್ತೀಯಲ್ಲೋ
ಅನ್ನಲು ಹೋಗಿ ಸುಮ್ಮನಾದೆ.
ಅವನ ಕಸೂತಿ ಮಿಷನ್ನಿಗೆ ಬರುವುದು ಒಂದೇ ಮಾತು,
ಆ ಮಾತು ಕಲಿಸಿದ ಕಂಪನಿ
ಬಾಗಿಲು ಹಾಕಿ ಎಷ್ಟೋ ವರ್ಷ.

ಶಟರ್ ಅರ್ಧಕ್ಕೆಳೆದು ಕೂತೆ.
ಮೊದಲು ಹೊಸ್ತಿಲಲ್ಲೇ ತಡೆಯಿತು: ಸೆಕ್ಯೂರ್ ಬೂಟ್.
ಆರಿಸಿದೆ.
ಆಮೇಲೆ ಕತ್ತಲಲ್ಲಿ ನಾಲ್ಕು ಬಣ್ಣದ ಮಿಣುಕುಹುಳ
ಸುತ್ತಿ ಸುತ್ತಿ ಒಂದಾಗುವ ಆ ಚಿತ್ರ,
ಎಷ್ಟು ದಿನವಾಗಿತ್ತು ನೋಡಿ.
ಬಂದದ್ದೇ ಕೇಳಿತು, ಸಿ.ಡಿ. ಡ್ರೈವರ್ ಎಲ್ಲಿ?
ಸಿ.ಡಿ. ನುಂಗುವ ಬಾಯೇ ಇಲ್ಲ ಈ ಲ್ಯಾಪ್‌ಟಾಪಿಗೆ.
ತಾನು ಹತ್ತಿ ಬಂದ ಪೆನ್‌ಡ್ರೈವನ್ನೇ
ಯಾರಿದು ಎಂದು ನೋಡುತ್ತಿದೆ ಮುದುಕಪ್ಪ.
"ಡ್ರೈವರ್ ಬೇಕಂತೇನು? ನಮ್ಮ ಷಡ್ಡಕ
ಸಂಡೂರು ಲಾರಿ ಓಡಿಸ್ತಾನ, ಕರೀಲಾ?"
ಅಂದು ತಾನೇ ನಕ್ಕ.

ಹೊಸ ತೂತುಗಳ ಗುರುತು ಹಳಬನಿಗೆ
ಒಂದೊಂದಾಗಿ ಹೇಳಿಕೊಡಬೇಕು.
ಹನ್ನೊಂದು ಗಂಟೆ. ಹನ್ನೆರಡೂವರೆ.
ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿತ್ತು.
ಮೂರನೇ ಸಲ ನೀಲಿ ಪರದೆ,
ಅವನ ಉಗುರಿನದೇ ನೀಲಿ.
ಅವನು ಚಹಾ ತರಲು ಹೋದ. ತಂದಾಗ ತಣ್ಣಗಾಗಿತ್ತು.

ಒಂದೂ ಇಪ್ಪತ್ತಕ್ಕೆ ಹತ್ತಿತು.
ದನಿಯಿಲ್ಲ. ವೈಫೈ ಇಲ್ಲ.
ಕ್ಯಾಮೆರಾ ಇದ್ದೂ ಕುರುಡು, ಅಕ್ಷರ ಅಡ್ಡಡ್ಡ ಊದಿಕೊಂಡು
ಕುಂಬಳಕಾಯಿ.
"ಅದು ಕೇಳೋದೂ ಬ್ಯಾಡ, ನೋಡೋದೂ ಬ್ಯಾಡ,
ಜೇಬು ತೆಗೀಲಿ ಸಾಕು."

ಜೇಬು ತೆಗೆಯಿತು.
ಕಪ್ಪು ಪರದೆಯ ಮೇಲೆ ಹಳದಿ ದಾರ,
ಎರಡು ಕಮಾನು ಬೆನ್ನಿಗೆ ಬೆನ್ನು.
ಎಡಗಡೆಯದು ನಡುವೆ ಒಂದು ಹೊಲಿಗೆ ಎಗರಿ
ಎಡವಿದವನ ಹಾಗೆ ಮುಂದೆ ಹೋಗಿದೆ.
"ಇಲ್ಲಿ ತಪ್ಪೈತಲ್ಲೋ."
"ಅದೇ ಅಣ್ಣಾ ಬೇಕಾಗಿರೋದು.
ಖಾಜಾಬಿ ಬರೀತಿದ್ದಾಗ ಕರೆಂಟ್ ಹೋತು,
ಅರ್ಧಂಬರ್ಧ ಉಳೀತು, ಹಂಗೇ ಹೊಲಿದ್ವಿ.
ಹೊಸ ಸಾಫ್ಟ್‌ವೇರಿನಾಗ ಹಾಕಿದ್ರ ತಾನೇ ತಿದ್ದಿಬಿಡ್ತೈತೆ.
ಸೋಲಾಪುರದ ಸೇಠು ಮುನ್ನೂರು ಪೀಸು ವಾಪಸ್ ಒಗೆದ,
ಡೂಪ್ಲಿಕೇಟ್ ಮಾಲು ಅಂತ."
"ಖಾಜಾಬಿಗೇ ಹೇಳಬೇಕಿತ್ತು, ಮತ್ತೊಂದು ಬರೀ ಅಂತ."
"ಅಕೀ ಈಗ ಅಲ್ಲೀಪುರದಾಗ ಸ್ವಂತ ಯೂನಿಟ್ ಹಾಕ್ಯಾಳ.
ನಾಲ್ಕು ಸಲ ನೋಡ್ಯಾಳಂತ ತನಗೇ ಬರೆಯಾಕ.
ಸರಿಯಾಗೇ ಬರ್ತೈತಂತ, ಹಾಳಾದ್ದು."

ಬಿಳಿ ಟೇಪಿನ ಮೇಲೆ ಮಾರ್ಕರಿನಲ್ಲಿ ಬರೆದೆ:
ನೆಟ್ಟಿಗೆ ಹಚ್ಚಬೇಡ, ಅಪ್‌ಡೇಟ್ ಕೇಳಿದರೆ ಬೇಡ ಅನ್ನು.
ಪ್ಲಾಸ್ಟಿಕ್ ಹಾಳೆಯ ಮೇಲೇ ಅಂಟಿಸಿದೆ.
ಆರುನೂರು ಎಂದೆ. ಐನೂರು ಎಣಿಸಿಟ್ಟು
ಬಗಲಿಗೆ ಅವುಚಿಕೊಂಡು ಹೋದ.

ಶಟರಿನ ಕೀಲಿಗೆ ಹಿಂದಿನ ಜೇಬಿಗೆ ಕೈ ಹಾಕಿದೆ.
ಕೀಲಿ ಮೇಜಿನ ಮೇಲಿತ್ತು.
ಹೆಬ್ಬೆಟ್ಟಿಗೆ ಎಡಗಡೆ ದಾರವೊಂದು ತಗುಲಿತು.
ಎಗರಿದ ಹೊಲಿಗೆಯೋ,
ನಾಲ್ಕು ವರ್ಷ ತೊಟ್ಟು ಬಿಚ್ಚಿದ್ದೋ,
ಕತ್ತಲಲ್ಲಿ ಗೊತ್ತಾಗಲಿಲ್ಲ.