ನೆರಳಿನ ದಿಕ್ಕು

ಮೊದಲು ನೆರಳು ಎತ್ತ ಬಿದ್ದಿದೆ ನೋಡಬೇಕು.
ಪಟವನ್ನು ತಲೆಕೆಳಗಾಗಿ ಹಿಡಿದರೆ
ಗುಂಡಿಗಳೆಲ್ಲ ಗುಡ್ಡೆಯಾಗಿ ಉಬ್ಬುತ್ತವೆ.
ಕೆಲಸಕ್ಕೆ ಸೇರಿದ ವಾರ
ಹೀಗೇ ಒಂದೂರಿನ ಗಾಯಗಳನ್ನೆಲ್ಲ
ಹುಲ್ಲಿನ ಬಣವೆ ಎಂದು ಬರೆದುಕೊಟ್ಟಿದ್ದೆ.

ಇದು ನಲವತ್ತೈದರ ಮಾರ್ಚ್, ಬೆಳಗಿನ ಹನ್ನೊಂದೂ ನಲವತ್ತು.
ಹಾಕಿದವರೇ ಮಾರನೆಯ ದಿನ ಬಂದು
ಬಿದ್ದದ್ದು ಲೆಕ್ಕಕ್ಕೆ ಸರಿಯೇ ಎಂದು
ಮೇಲಿಂದ ತೆಗೆದುಕೊಂಡು ಹೋದ ಚಿತ್ರ.
ಎಮ್ಸ್ ನದಿಯ ರೈಲುಸೇತುವೆಗೆ ಇಟ್ಟ ಗುರಿ
ಅರ್ಧ ಮೈಲಿ ತಪ್ಪಿ
ಲ್ಯುಬೆನ್ ಮನೆಯವರ ಹೊಲದಲ್ಲಿ ನಲವತ್ತೊಂದು ಬಾಯಿ.

ಒಂದೊಂದು ಕಣ್ಣಿಗೆ ಒಂದೊಂದು ಪಟ ಕೊಟ್ಟು
ಜೋಡಿ ಮಸೂರದ ಮೇಲೆ ಬಗ್ಗಿದರೆ
ಎರಡೂ ಕೂಡಿದ ಗಳಿಗೆ
ನೆಲ ಧಸಕ್ಕನೆ ಕುಸಿಯುತ್ತದೆ. ಹನ್ನೆರಡು ವರ್ಷವಾಯಿತು,
ಈಗಲೂ ಮೇಜು ಹಿಡಿದುಕೊಳ್ಳುತ್ತೇನೆ.

ದೊಡ್ಡವುಗಳ ಭಯವಿಲ್ಲ. ಸುತ್ತ ಬಿಳಿಮಣ್ಣು ಚೆಲ್ಲಿಕೊಂಡು
ಕೂತಿರುವ ಅವು ಹೇಳುವುದನ್ನು ಹೇಳಿ ಮುಗಿಸಿವೆ.
ನಾನು ಹುಡುಕುವುದು ಸಾಸಿವೆಯಷ್ಟು ಚುಕ್ಕೆ:
ಅಂಚಿಲ್ಲ, ಚೆಲ್ಲಿದ ಮಣ್ಣಿಲ್ಲ,
ಒಳಹೊಕ್ಕು ಸುಮ್ಮನಾದದ್ದು.
ಧೂಳಿನ ಕಣವೂ ಹಾಗೇ ಕಾಣುತ್ತದೆ, ಆದರೆ ಒಂದೇ ಪಟದಲ್ಲಿ.
ಹಸುವೂ ಹಾಗೇ, ಆದರೆ ಹಸುವಿಗೆ ನೆರಳುಂಟು.
ಇಲ್ಲೊಂದು, ಈಶಾನ್ಯದ ಮೂಲೆಯಲ್ಲಿ:
ಎರಡೂ ಪಟದಲ್ಲಿದೆ. ನೆರಳಿಲ್ಲ.

ಒಕ್ಕೊ ಲ್ಯುಬೆನ್ ನಕ್ಕ: "ಪಟ ಯಾಕಮ್ಮ,
ನನ್ನ ಸೊಂಟವನ್ನು ಕೇಳು. ಕಟಾವಿನ ಯಂತ್ರದಲ್ಲಿ ಕೂತರೆ
ಎಡಗಾಲಿ ಎಲ್ಲೆಲ್ಲಿ ವಾಲುತ್ತದೋ ಅಲ್ಲೆಲ್ಲ ಒಂದೊಂದು.
ಜೂನ್‌ನಲ್ಲಿ ಬಾ, ಬಾರ್ಲಿಯೇ ದುಂಡಗೆ
ಹಸಿರು ಸುತ್ತಿ ತೋರಿಸುತ್ತದೆ."

ಅವನ ಸೋದರತ್ತೆ ತಾಲ್ಕೆ, ಎಂಬತ್ತೊಂಬತ್ತು,
ಕನ್ನಡಕದ ಮುಂದೆ ನನ್ನ ಭೂತಗನ್ನಡಿ ಹಿಡಿದು
ಪಟದ ಮೇಲೆ ಬೆರಳಾಡಿಸಿದಳು.
"ಇದು ಬಾಂಬಲ್ಲ, ಅಪ್ಪ ಜೇಡಿ ತೆಗೆದ ಗುಂಡಿ."
ಹೊಡೆದುಹಾಕಿದೆ. ನಲವತ್ತು.
"ಈ ಚುಕ್ಕೆಯೂ ಅಲ್ಲ. ಇದು ಪೂಕ್, ನಮ್ಮ ನಾಯಿ.
ಸದ್ದಿಗೇ ಸತ್ತಿತ್ತು, ಮೈಮೇಲೆ ಒಂದು ಗೀರಿಲ್ಲ.
ಈ ಪಟ ತೆಗೆದ ಸಂಜೆಯೇ ಇರಬೇಕು,
ನಾನೂ ತಮ್ಮನೂ ಇಲ್ಲಿ ಹೂತೆವು."

ಯಾರು ತೋಡಿಕೊಟ್ಟರು? ಎಂದೆ.

"ತೋಡುವುದೇನು, ತೂತು ಇತ್ತಲ್ಲ.
ಇಳಿಸಿ, ಮಣ್ಣು ತುಂಬಿ, ಗಟ್ಟಿಯಾಗಲೆಂದು
ಅದರ ಮೇಲೆ ಹಾರಿ ಹಾರಿ ತುಳಿದೆವು."

ಬಿಸಿ ಚಹಾ ಬಿದ್ದು ಬಟ್ಟಲಲ್ಲಿ
ಕಲ್ಲುಸಕ್ಕರೆ ಚಟ್ಟನೆ ಬಿರಿಯಿತು.
ಒಕ್ಕೊ ಕಿಟಕಿಯಾಚೆ ನೋಡಿದ, ತುಸು ಹೊತ್ತು.
"ಅಲ್ಲಿ ಗಾಲಿ ವಾಲುವುದೇ ಇಲ್ಲ," ಎಂದ.