ನಾನೂರ ಹನ್ನೆರಡನೇ ಸಾಲು

ಬೈತಖೋಲದ ಧಕ್ಕೆಯಲ್ಲಿ ದೋಣಿಗಳು
ಹೆಗಲಿಗೆ ಹೆಗಲು ಹಚ್ಚಿ ನಿಂತಿವೆ.
ಆಗಸ್ಟ್ ಒಂದರ ತನಕ ಬಲೆ ಬೀಸುವಂತಿಲ್ಲ.
ಅಷ್ಟರೊಳಗೆ ರಿಪೇರಿ ಮುಗಿಯಬೇಕು:
ಇಂಜಿನ್ನು, ವಿಂಚು, ಆಳ ತೋರಿಸುವ ಪೆಟ್ಟಿಗೆ.
ಪೆಟ್ಟಿಗೆ ನನ್ನ ಪಾಲಿಗೆ.

ಒಳಗಿನ ಬೋರ್ಡು ಅಂಗೈಯಗಲ.
ಅದರ ಹಳೇ ಕರ್ನೆಲ್ಲಿಗೆ
ಹೊಸ ಸೆನ್ಸರಿನ ಮಾತು ತಿಳಿಯುವುದಿಲ್ಲ.
ಹೊಸದನ್ನು ನಾನೇ ಕಟ್ಟಬೇಕು, ಇದೇ ಮೇಜಿನ ಮೇಲೆ,
ಗ್ರೀಸು ಹತ್ತಿದ ಈ ಕೀಲಿಮಣೆಯಲ್ಲಿ.
'ಮೇಕ್' ಎಂದು ಒತ್ತಿದೆ.
ಮೂರು ಉಸಿರು. ನಿಂತಿತು.

ನೋ ಸಚ್ ಫೈಲ್ ಆರ್ ಡೈರೆಕ್ಟರಿ.

ಮೊದಲ ತಪ್ಪು ನನ್ನದೇ.
ಫೋಲ್ಡರಿಗೆ 'ಹೊಸ ಕೆಲಸ' ಎಂದು ಹೆಸರಿಟ್ಟಿದ್ದೆ,
ನಡುವೆ ಒಂದಿಷ್ಟು ಖಾಲಿ ಬಿಟ್ಟು.
ನಮಗದು ಉಸಿರೆಳೆಯುವ ಜಾಗ,
ಮೇಕಿಗೆ ಅಲ್ಲೇ ದಾರಿ ಮುಗಿಯಿತು.
'ಹೊಸ' ಎಂಬ ಊರು ಹುಡುಕಿ ಹೋಗಿ
ಸಿಗದೆ ಬರಿಗೈಲಿ ಬಂತು.
ಎರಡೂ ಪದ ಕೂಡಿಸಿಬಿಟ್ಟೆ,
ಯಾವ ಕನ್ನಡ ಮೇಷ್ಟ್ರೂ ಒಪ್ಪದ ಸಂಧಿ.

ಆಮೇಲೆ ನಾನೂರ ಹನ್ನೆರಡನೇ ಸಾಲು.
ಹೋಮ್, ಓರೆಗೆರೆ, ಸಾವಿಯೊ, ಓರೆಗೆರೆ, ಟೂಲ್ಸ್.
ಸಾವಿಯೊ ಈ ಕುರ್ಚಿಯಲ್ಲಿ ಕೂತದ್ದು ಆರು ವರ್ಷದ ಹಿಂದೆ.
ಅವನ ಕಂಪ್ಯೂಟರು ತೂಕಕ್ಕೆ ಹೋಯಿತು,
ಅವನು ಮಸ್ಕತ್ತಿನ ಯಾವುದೋ ಟಗ್ಗಿನಲ್ಲಿದ್ದಾನೆ ಅನ್ನುತ್ತಾರೆ.
ಆದರೂ ಈ ಫೈಲು ಪ್ರತಿಸಲ
ಅವನಿಲ್ಲದ ಮನೆಯ ಬಾಗಿಲು ತಟ್ಟಿ
ಸುತ್ತಿಗೆ ಕೊಡಿ, ಉಳಿ ಕೊಡಿ ಎನ್ನುತ್ತದೆ.

ಪುರ್ಸು ತಾಂಡೇಲರು ಬಾಗಿಲ ಬಳಿ ಕೊಡೆ ಕೊಡವುತ್ತ:
"ಎಂತ ಹೇಳ್ತದೆ ಅದು, ಬಾಯಿ?"
"ಇಲ್ಲದ ಜಾಗಕ್ಕೆ ಹೋಗು ಅಂತ ಬರೆದಿಟ್ಟಿದ್ದಾರೆ."
ಸ್ಟೂಲು ಎಳೆದು ಕೂತರು.
ಬೀಡಿ ತೆಗೆದರು, ಹಚ್ಚಲಿಲ್ಲ.

ಅಪ್ಪ ಕೊಟ್ಟ ಗುರುತೊಂದಿತ್ತಂತೆ.
ಅರ್ಗಾದ ಒಂಟಿ ತಾಳೆಮರ
ಹಿಂದಿನ ಗುಡ್ಡದ ಬೋಳುಬಂಡೆಗೆ ತಾಗಿದಂತೆ ಕಾಣಬೇಕು,
ಆಗಲೇ ಬಡಗ ದಿಕ್ಕಿಗೆ ದೇವಗಡದ ದೀಪ
ಗುಡ್ಡದ ಮೂಗು ಬಿಟ್ಟು ಹೊರಗೆ ಇಣುಕಬೇಕು.
ಅಲ್ಲಿ, ನೀರಡಿ, ಕಲ್ಲು. ಕಲ್ಲಿನ ಸುತ್ತ ಗೋಬ್ರ ಮೀನು.
ನೌಕಾನೆಲೆ ಬಂತು. ಊರು ಕಾಲನಿಗೆ ಹೋಯಿತು.
ಮರ ಎಲ್ಲಿಗೂ ಹೋಗಲಿಲ್ಲ, ಬಿತ್ತು.
"ಆ ವರ್ಷ ಮೂರು ಬಲೆ ಹರ್ಕೊಂಡೆ ನೋಡು.
ಕಲ್ಲು ಇದ್ದಲ್ಲೇ ಇತ್ತು.
ನಾ ಎಲ್ಲಿದ್ದೇನೆ ಅಂತ ಗೊತ್ತಾಗ್ಲಿಲ್ಲ."

"ಮತ್ತೆ?"

"ಮತ್ತೆಂತ. ನಿಂತಲ್ಲಿಂದ ಎಣಿಸ್ದೆ.
ಧಕ್ಕೆ ಬಾಯಿಂದ ಇಷ್ಟು ಹೊತ್ತು. ಅಲ್ಲಿಂದ ತೆಂಕಕ್ಕೆ ಇಷ್ಟು."

ನಾನು ಎರಡು ಚುಕ್ಕಿ ಒತ್ತಿದೆ.
ಎರಡು ಚುಕ್ಕಿ ಎಂದರೆ
ಇರುವಲ್ಲಿಂದ ಒಂದು ಮೆಟ್ಟಿಲು ಮೇಲೆ.
ಓರೆಗೆರೆ. ಮತ್ತೆರಡು ಚುಕ್ಕಿ, ಇನ್ನೊಂದು ಮೆಟ್ಟಿಲು.
ಅಲ್ಲಿಂದ ಟೂಲ್ಸ್ ಕೋಣೆಗೆ.
ಯಾರ ಮನೆಯ ಹೆಸರೂ ಬೇಡ.
ನಾಳೆ ಈ ಕಂಪ್ಯೂಟರೂ ತೂಕಕ್ಕೆ ಹೋದರೆ
ದಾರಿ ಗಂಟುಕಟ್ಟಿಕೊಂಡು ಹೊಸ ಮೇಜಿಗೆ ಬಂದೀತು.

ಸಾವಿಯೊನ ಸಾಲು ಅಳಿಸಹೋದ ಬೆರಳು
ಯಾಕೋ ನಿಂತಿತು.
ಅದರ ಮುಂದೊಂದು # ಇಟ್ಟೆ,
ಹರಿದ ಬಲೆಯ ಒಂದೇ ಕಣ್ಣಿನ ಹಾಗೆ.
ಯಂತ್ರ ಇನ್ನದನ್ನು ಓದದು.
ಮುಂದೆ ಈ ಕುರ್ಚಿಗೆ ಬರುವವರು ಓದಿಯಾರು,
ಇಲ್ಲೊಬ್ಬನಿದ್ದ, ಅವನಿಗೂ ಮನೆಯಿತ್ತು.

ಮೇಕ್. ಮತ್ತೆ.
ಭರತದ ನೀರು ಧಕ್ಕೆಯ ಮೆಟ್ಟಿಲೇರುವ ಹಾಗೆ
ಸಾಲುಗಳು ಏರತೊಡಗಿದವು,
ನೋಡುತ್ತ ಕೂತರೆ ನಿಂತಂತೆ,
ಚಹಾ ಸುರಿದು ತಿರುಗಿದರೆ ಒಂದು ಮೆಟ್ಟಿಲು ಮುಳುಗಿದಂತೆ.
ತಾಂಡೇಲರ ಚಹಾ ಆರಿತು.
ಹಚ್ಚದ ಬೀಡಿ ಕಿವಿಯ ಮೇಲಿಟ್ಟುಕೊಂಡು
ಗೋಡೆಗೊರಗಿ ನಿದ್ದೆ ಹೋಗಿದ್ದರು.

ಹನ್ನೊಂದೂ ಮುಕ್ಕಾಲಿಗೆ ನಿಂತಿತು.
ಬೇರೆ ಫೈಲು, ತೊಂಬತ್ತನೇ ಸಾಲು,
ಮತ್ತೊಂದು ಇಲ್ಲದ ಮನೆ.
ಹೋಮ್, ಓರೆಗೆರೆ, ಸುಲಕ್ಷಾ.

ಅಲ್ಲಿ ಹೋದ ವರ್ಷ ನಾನೇ ಇದ್ದೆ.