ತಿಳಿನೀರು

ಲಂಡನ್ನಿನಲ್ಲಿ ತಾಮ್ರದ ಬೆಲೆ ಬಿದ್ದದ್ದು
ನನಗೆ ತಿಳಿದದ್ದು ಕೂದಲಿನಿಂದ.

ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ತಲೆಗಳು
ತಿಂಗಳು ಕಳೆದರೂ ಬರಲಿಲ್ಲ.
ಬಂದವನು ಒಬ್ಬ, ಗಣಿಯೊಳಗೆ ಪಂಜರದ ಲಿಫ್ಟು ಇಳಿಸುವ ಕಪಂಬ್ವೆ.
ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಕೇಳಿದ:
"ಅರ್ಧ ತಲೆಗೆ ಎಷ್ಟು?"
ನಕ್ಕೆವು.
ನಗು ಮುಗಿದ ಮೇಲೂ ಅವನು
ಉತ್ತರಕ್ಕೆ ಕಾಯುತ್ತಲೇ ಇದ್ದ.

ನಾನು ಗಣಿಗೆ ಇಳಿದವನಲ್ಲ.
ಗೇಟಿನಾಚೆ, ಮಾವಿನ ಮರದಡಿ
ಒಂದು ಕನ್ನಡಿ, ಎರಡು ಕತ್ತರಿ,
ಲಾರಿಯ ಹಳೇ ಬ್ಯಾಟರಿಗೆ ಕಟ್ಟಿದ ಮಷೀನು
ಇಷ್ಟೇ ನನ್ನ ಕಂಪನಿ. ಷೇರು ಗೀರು ಇಲ್ಲ.
ಆದರೂ ಬಿತ್ತು.

"ತಾತ್ಕಾಲಿಕ" ಎಂದಿತು ರೇಡಿಯೋ.
ಅದನ್ನು ಬೆಂಬಾ ಭಾಷೆಯಲ್ಲಿ ಹೇಳುವಾಗ
ಓದುವವನು ನಡುವೆ ಒಮ್ಮೆ ಉಸಿರು ಎಳೆದುಕೊಂಡ.

ಎದುರು ಸಾಲಿನಲ್ಲಿ ಮುತಾಲೆಯ ಹೆಂಡತಿ ಕರಿದ ಹಿಟ್ಟಿನುಂಡೆ
ಬೆಳಗಿನ ಪಾಳಿ ಬಿಡುವ ಹೊತ್ತಿಗೆ ಖಾಲಿಯಾಗುತ್ತಿತ್ತು.
ಈಗ ಪಾಳಿಯೇ ಇಲ್ಲ.
ಬೆಳಗಿನದು ಸಂಜೆಗೆ ಅರ್ಧ ಬೆಲೆ,
ನಿನ್ನೆಯದು ಅವಳ ಮಕ್ಕಳಿಗೆ,
ಮೊನ್ನೆಯದನ್ನು ನಾನು ಚಹಾದಲ್ಲಿ ನೆನೆಸಿ ತಿಂದೆ.

ಇನ್ನು ಬಡಗಿ ಸಿಮುಕೊಂಡಾ.
ಗಣಿಯವರ ಶವಪೆಟ್ಟಿಗೆಯ ಗುತ್ತಿಗೆ ಅವನದು.
ಈ ವರ್ಷ ನೆಲದಡಿ ಒಬ್ಬರೂ ಸಾಯಲಿಲ್ಲವೆಂದು
ಪಾದ್ರಿ ದೇವರಿಗೆ ವಂದನೆ ಹೇಳಿದಾಗ
ಸಿಮುಕೊಂಡಾ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದ.
ಆಮೇಲೆ ತಲೆ ತಗ್ಗಿಸಿ
ಬೆಂಚಿನ ಅಂಚನ್ನು ಉಗುರಿನಲ್ಲಿ ಕೆರೆಯುತ್ತ ಕೂತ.
ಒಳ್ಳೆಯ ಮುಕ್ವಾ ಮರ. ಅವನೇ ಮಾಡಿದ್ದು.

ಕಪಂಬ್ವೆಗೆ ಪೂರ್ತಿ ತಲೆಯನ್ನೇ ಕತ್ತರಿಸಿದೆ.
ಅರ್ಧ ಕ್ವಾಚಾದಲ್ಲಿ ಕೊಟ್ಟ,
ಇನ್ನರ್ಧ ಸಾಲದ ಪುಸ್ತಕದಲ್ಲಿ.
ಆ ಪುಸ್ತಕವೊಂದೇ ಈಗ ನನ್ನ ಅಂಗಡಿಯಲ್ಲಿ ಬೆಳೆಯುತ್ತಿರುವುದು,
ಊರಿನ ಕೂದಲಿನ ಹಾಗೆ.

ಮೊನ್ನೆ ಚಿಲುಫ್ಯಾ ಕೂಗಿ ಕರೆದಳು, ಹೊಳೆಯಿಂದ.
ಇಪ್ಪತ್ತೆರಡು ವರ್ಷ
ಗಣಿಯವರ ಓವರಾಲುಗಳನ್ನು ಕುಕ್ಕಿ ಕುಕ್ಕಿ ಒಗೆದವಳು.
ಅವಳ ಕಲ್ಲು ದಾಟಿದ ನೀರು
ಸೇತುವೆಯವರೆಗೂ ಕೆಂಪಗೆ ಹರಿಯುತ್ತಿತ್ತು.
"ಸತ್ತರೂ ಬಿಡಲಿಕ್ಕಿಲ್ಲ ನಿಮ್ಮ ಈ ಮಣ್ಣು,
ನನ್ನ ಗುಂಡಿಗೂ ಬಂದೀತು" ಎಂದು ಬೈಯುತ್ತಿದ್ದಳು.

"ನೋಡು" ಎಂದಳು.
ನೋಡಿದೆ. ತಳ ಕಾಣುತ್ತಿತ್ತು.
ಬೆಣಚುಕಲ್ಲು, ಯಾರದೋ ಅಂಗಿಯ ಹಿತ್ತಾಳೆ ಗುಂಡಿ,
ಬೆರಳುದ್ದದ ಒಂದು ಮೀನು,
ಮೀನಿನ ಕೆಳಗೆ ಅದರ ನೆರಳು.

"ಎಷ್ಟು ತಿಳಿಯಾಗಿದೆ" ಎಂದೆ, ಬಾಯಿ ತಪ್ಪಿ.

ಅವಳು ಏನೂ ಹೇಳಲಿಲ್ಲ.
ಒಣಗಿದ್ದ ಕೈಗಳನ್ನು
ಸೊಂಟದ ಬಟ್ಟೆಗೆ ಒರೆಸಿಕೊಂಡಳು.